ಎರಡು ಲೀಟರ್ ನೀರಿನ ಬಿಗಿ

ಊಟದ ಕೋಣೆಯ ಚಾವಣಿಯಲ್ಲಿ ಒಂದು ಕಬ್ಬಿಣದ ಕೊಂಡಿಯಿತ್ತು. ಮಕ್ಕಳು ಕೈಗೂಸಾಗಿದ್ದಾಗ ತೊಟ್ಟಿಲು ತೂಗುಹಾಕಿದ್ದ ಕೊಂಡಿ. ಈಗ ಅದರಿಂದ ಒಂದು ಸೈಕಲ್ಲಿನ ಅಸ್ಥಿಪಂಜರ ಜೋತಾಡುತ್ತಿತ್ತು. ಚಕ್ರವಿಲ್ಲ, ಹ್ಯಾಂಡಲ್ ಇಲ್ಲ, ಸೀಟಿಲ್ಲ, ಬರೀ ಫ್ರೇಮು. ಅತ್ತೆ ತಟ್ಟೆ ಮುಂದಿಟ್ಟುಕೊಂಡು ಕುಳಿತಾಗಲೆಲ್ಲ ಅದು ಅವರ ನೆತ್ತಿಯ ಮೇಲೆ ಮೆಲ್ಲಗೆ ಸುತ್ತುತ್ತಿತ್ತು.

"ಇದು ನನ್ನ ತಲೆ ಮೇಲೆ ಬಿದ್ದ ದಿನ ನಿನ್ನ ಸೇಡು ಪೂರ್ತಿ ಆಗತ್ತೆ ಬಿಡು," ಎಂದರು ಅತ್ತೆ.

"ನಿಮ್ಮ ಮೇಲೆ ನನಗ್ಯಾವ ಸೇಡು ಅತ್ತೆ? ನಿಮ್ಮ ಮಗನ ಮೇಲೆ."

"ಯಾವ ಮಗ?"

"ದೊಡ್ಡವರು ತಿಂಗಳಲ್ಲಿ ಇಪ್ಪತ್ತು ದಿನ ಬಸ್ಸು ಓಡಿಸ್ತಾ ಊರೂರು ಸುತ್ತುತ್ತಾರೆ. ಸೇಡು ತೀರಿಸ್ಕೊಳ್ಳೋಣ ಅಂದ್ರೂ ಕೈಗೆ ಸಿಗಬೇಕಲ್ಲ. ನಾನು ಹೇಳ್ತಿರೋದು ಚಿಕ್ಕವನ ವಿಷಯ."

ಅತ್ತೆ ಮುಖ ಗಂಟಿಕ್ಕಿದರು. ಎಷ್ಟಾದರೂ ಹೆತ್ತ ಕರುಳು. ಆದರೆ ಇದ್ದದ್ದು ಹಿರಿಸೊಸೆಯ ಮನೆಯಲ್ಲಿ. ಹಾಗಾಗಿ ಒಂದು ಮಾತು ನುಂಗಿಕೊಂಡು ಇನ್ನೊಂದು ತುತ್ತು ಕಲಸಿದರು.

ಚಿಕ್ಕವನೆಂದರೆ ಅವಳ ಮೈದುನ, ಸೈಕಲ್ ಅಂಗಡಿಯ ಮಾಲೀಕ. ಅಂಗಡಿ ಅವನದಾದರೂ ಒಂಬತ್ತು ವರ್ಷ ರಿಪೇರಿಯೆಲ್ಲ ಇವಳದೇ. ಅವನು "ಅತ್ತಿಗೆ, ಈ ಗೇರ್ ನೋಡಿ", "ಅತ್ತಿಗೆ, ಆ ಬ್ರೇಕ್ ನೋಡಿ" ಎಂದು ಕೂಗಿ ಕೂಗಿ, ಬರುವ ಗಿರಾಕಿಗಳ ಬಾಯಲ್ಲೂ ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಡ್ರಿಲ್ ಮೇಷ್ಟ್ರು ಕೂಡ ಅತ್ತಿಗೆ ಎಂದೇ ಕರೆಯುತ್ತಿದ್ದರು.

ಆ ಡ್ರಿಲ್ ಮೇಷ್ಟ್ರೇ ಹೋದ ವರ್ಷ ಗುಡ್ಡದ ಇಳಿಜಾರಿನಲ್ಲಿ ಬಿದ್ದದ್ದು. ಇಳಿಯುತ್ತಿದ್ದಾಗ ಹ್ಯಾಂಡಲ್ ಹಿಡಿತ ತಪ್ಪಿ ಮುಂದಕ್ಕೆ ತಿರುಗಿಕೊಂಡಿತು. ಹೆಗಲ ಮೂಳೆ ಎರಡು ತುಂಡಾಯಿತು. ಹ್ಯಾಂಡಲನ್ನು ಕಚ್ಚಿ ಹಿಡಿಯುವ ನಾಲ್ಕು ಬೋಲ್ಟು ಸಾಕಷ್ಟು ಬಿಗಿಯಾಗಿರಲಿಲ್ಲ. ಮೇಷ್ಟ್ರು ತೋಳನ್ನು ಜೋಳಿಗೆಯಲ್ಲಿ ನೇತುಹಾಕಿಕೊಂಡು ಅಂಗಡಿಗೆ ಬಂದ ದಿನ ಅಲ್ಲಿ ಏಳೆಂಟು ಜನ ಗಿರಾಕಿಗಳಿದ್ದರು. "ಯಾರಪ್ಪಾ ಬಿಗಿ ಮಾಡಿದ್ದು?" ಎಂದು ಅವರು ಕೇಳಿದ್ದೇ ತಡ, ಮೈದುನ ಕೈಯೊರಸುವ ಬಟ್ಟೆಯನ್ನು ಮಡಚುತ್ತ, ಅವಳ ಕಡೆ ತಿರುಗಿಯೂ ನೋಡದೆ ಹೇಳಿದ.

"ಅತ್ತಿಗೆ ಬಿಗಿ ಮಾಡಿದ್ದು."

ಅಷ್ಟೇ. ಮೂರೇ ಮಾತು. ಸುಳ್ಳೇನಲ್ಲ, ಅವಳೇ ಬಿಗಿ ಮಾಡಿದ್ದು. ಆದರೆ ಹೇಗೆ ಮಾಡಿದೆ, ಯಾವುದರಿಂದ ಮಾಡಿದೆ ಎಂದು ಒಬ್ಬರೂ ಕೇಳಲಿಲ್ಲ. ಮರುದಿನ ಮೈದುನ "ಸ್ವಲ್ಪ ದಿನ ಮನೇಲಿರಿ ಅತ್ತಿಗೆ, ಜನ ಮರೀಲಿ" ಎಂದ. ಜನ ಮರೆಯಲಿಲ್ಲ. ಮತ್ತೆ ಬನ್ನಿ ಎಂದು ಅವನೂ ಕರೆಯಲಿಲ್ಲ. ರಸ್ತೆಯಲ್ಲಿ ಕಂಡವರು ಅವಳ ಕೈಗಳನ್ನು ನೋಡಿ ಕಣ್ಣು ತಿರುಗಿಸುತ್ತಿದ್ದರು. ಪಕ್ಕದ ಮನೆಯವರು ಮಗುವಿನ ಮೂರು ಗಾಲಿ ಸೈಕಲ್ಲಿನ ಪೆಡಲ್ ಸಡಿಲವಾದಾಗಲೂ ಅವಳ ಬಾಗಿಲು ದಾಟಿಕೊಂಡೇ ಅಂಗಡಿಗೆ ಒಯ್ದರು. ಅದು ಮಾತ್ರ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಅಂಗಡಿಯಿಂದ ಹೊರಬಿದ್ದ ದಿನ ಮನೆಗೆ ಬಂದು ಮೇಲಂಗಿಯ ಜೇಬಿಗೆ ಕೈ ಹಾಕಿದರೆ ಐದು ಮಿಲಿಮೀಟರಿನ ಒಂದು ಆಲನ್ ಕೀ ಸಿಕ್ಕಿತು. ಬೋಲ್ಟು ತಿರುಗಿಸುವ, ಬೆರಳುದ್ದದ, ಬಾಗಿದ, ಕಪ್ಪು ಕಡ್ಡಿ. ಅಂಗಡಿಯದು. ವಾಪಸು ಕೊಡಬೇಕು ಎಂದುಕೊಂಡಳು. ಆಮೇಲೆ ಕೊಡಬಾರದು ಎಂದುಕೊಂಡಳು. ಆಮೇಲೆ, ಇದೊಂದು ಕೀಯ ಸುತ್ತ ಒಂದು ಇಡೀ ಸೈಕಲ್ ಕಟ್ಟಿ, ಅದನ್ನೇರಿ, ವರ್ಷಕ್ಕೊಮ್ಮೆ ನಡೆಯುವ ಗುಡ್ಡದ ಸೈಕಲ್ ಓಟದಲ್ಲಿ ಅವನನ್ನು ಹಿಂದಕ್ಕೆ ಹಾಕಿ, ಅಷ್ಟೂ ಜನರ ಮುಂದೆ ಅವನ ಮುಖ ನೋಡಬೇಕು ಎಂದುಕೊಂಡಳು. ನಲವತ್ತು ದಾಟಿದವರ ಗುಂಪಿನಲ್ಲಿ ಮೂರು ವರ್ಷದಿಂದ ಅವನೇ ಮೊದಲು. ಆ ಗುಂಪಿನಲ್ಲಿ ಗಂಡಸರು ಹೆಂಗಸರು ಎಂಬ ಭೇದವಿರಲಿಲ್ಲ.

ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಕೆಲಸ ಸಿಕ್ಕಿತು. ಅಲ್ಲಿಂದ ಬಂದು, ಮಕ್ಕಳ ಪಾಠ, ಅಡುಗೆ, ಅತ್ತೆಯ ಮಾತ್ರೆ ಎಲ್ಲ ಮುಗಿಸಿದ ಮೇಲೆ ಉಳಿದ ಸಮಯವೇ ಸೈಕಲ್ಲಿನದು. ಹಳೆಯ ಫ್ರೇಮು ಗುಜರಿಯಲ್ಲಿ ಸಿಕ್ಕಿತು. ಉಪಕರಣಗಳು ಒಂದೊಂದಾಗಿ ಬಂದವು. ಚೈನಿನ ಕೊಂಡಿಯ ಪಿನ್ನು ತಳ್ಳುವ ಕಟರ್, ಹಿಂಚಕ್ರದ ಹಲ್ಲುಗಳನ್ನು ಬಿಚ್ಚುವ ಚೈನಿನ ಚಾಟಿ, ಕಡ್ಡಿಗಳನ್ನು ಬಿಗಿಯುವ ಸ್ಪೋಕ್ ಕೀ, ಕೇಬಲ್ಲನ್ನು ಸಿಬಿರೇಳದಂತೆ ಕತ್ತರಿಸುವ ಕತ್ತರಿ. ಮುಂದಿನ ಕೊಳವೆಗೆ ಬೇರಿಂಗ್ ಬಟ್ಟಲನ್ನು ಒತ್ತಿ ಕೂರಿಸುವ ಉಪಕರಣವೊಂದು ಮಾತ್ರ ಎಲ್ಲೂ ಸಿಗಲಿಲ್ಲ. ಮೈತುಂಬ ತಿರುಪಿನ ಸುತ್ತುಗಳಿರುವ ಉದ್ದನೆಯ ಕಬ್ಬಿಣದ ಸಲಾಕೆ, ಎರಡು ನಟ್ಟು, ಅಗಲವಾದ ನಾಲ್ಕು ವಾಷರ್ ತಂದು ತಾನೇ ಮಾಡಿಕೊಂಡಳು. ಎರಡೂ ಕಡೆಯಿಂದ ನಟ್ಟು ತಿರುಗಿಸಿದ ಹಾಗೆ ಬಟ್ಟಲು ಕೂದಲೆಳೆ ಕೂದಲೆಳೆಯಾಗಿ ಒಳಗೆ ಇಳಿಯುತ್ತಿತ್ತು. ಪ್ರತಿ ಸುತ್ತಿಗೂ ಅವಳು ಮನಸ್ಸಿನಲ್ಲೇ ಮೈದುನನನ್ನು ಒಂದೊಂದು ಮಾತು ಬೈದಳು. ಬೈಗುಳ ಮುಗಿದವು, ಬಟ್ಟಲು ಇನ್ನೂ ಅರ್ಧ ಇತ್ತು. ಮೊದಲಿನಿಂದ ಮತ್ತೆ ಶುರು ಮಾಡಿದಳು.

"ಇದೇನು, ಬಿಚ್ಚೋ ಕಡೆಗೆ ತಿರುಗಿಸಿ ಬಿಗಿ ಮಾಡ್ತೀಯಾ?" ಪೆಡಲ್ ಅಚ್ಚಿನ ಬೇರಿಂಗ್ ಹಾಕುವಾಗ ಅತ್ತೆ ಕೇಳಿದರು. ಕಣ್ಣಿನ ಆಪರೇಷನ್ ಆದಮೇಲೆ ಅವರಿಗೆ ಎಲ್ಲವೂ ಕಾಣುತ್ತಿತ್ತು, ಬೇಡದ್ದೂ.

"ಚೈನ್ ಇರೋ ಕಡೆ ಹಾಗೇ ಅತ್ತೆ. ತಿರುಪಿನ ಸುತ್ತು ಉಲ್ಟಾ. ಸರಿಯಾಗಿ ತಿರುಗಿಸ್ತೀನಿ ಅಂತ ಹೋದ್ರೆ ಕಳಚಿಕೊಳ್ಳತ್ತೆ."

"ನನ್ನ ಚಿಕ್ಕ ಮಗನ ಥರ ಅನ್ನು."

ಸೊಸೆ ನಕ್ಕಳು. ಅತ್ತೆ ನಗಲಿಲ್ಲ. ಆದರೆ ಅವತ್ತಿನಿಂದ ಗ್ರೀಸ್ ಡಬ್ಬಿಯನ್ನು ಉಪ್ಪಿನ ಡಬ್ಬಿಯ ಪಕ್ಕದಿಂದ ಎತ್ತಿ ಬಿಸಾಡುತ್ತೇನೆಂದು ಹೆದರಿಸುವುದನ್ನು ಬಿಟ್ಟರು.

ಕೊನೆಯಲ್ಲಿ ಬಂದದ್ದು ಟಾರ್ಕ್ ರೆಂಚು. ಬೋಲ್ಟು ಎಷ್ಟು ಬಿಗಿಯಾಗಬೇಕು ಎಂಬುದನ್ನು ಅದರ ಹಿಡಿ ತಿರುಗಿಸಿ ಅಂಕಿಗೆ ಹೊಂದಿಸಬೇಕು. ಅಷ್ಟು ಬಿಗಿಯಾದ ಕೂಡಲೇ ಅದು ಟಿಕ್ ಎನ್ನುತ್ತದೆ. ಹ್ಯಾಂಡಲ್ ಬೋಲ್ಟಿಗೆ ಐದು. ಕಡಿಮೆಯಾದರೆ ಜಾರುತ್ತದೆ, ಹೆಚ್ಚಾದರೆ ಬೋಲ್ಟು ಮುರಿಯುತ್ತದೆ. ಕೆಲಸ ಮುಗಿದ ಮೇಲೆ ಹಿಡಿಯನ್ನು ಹಿಂದಕ್ಕೆ ತಿರುಗಿಸಿ ತೀರಾ ಕೆಳಗಿನ ಅಂಕಿಗೆ ತಂದೇ ಡಬ್ಬಿಯಲ್ಲಿಡಬೇಕು. ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ಹಗಲೂ ರಾತ್ರಿ ಅದುಮಿಕೊಂಡೇ ಇದ್ದು ಸೋತುಹೋಗುತ್ತದೆ. ಅಂಗಡಿಯಲ್ಲಿ ಒಂಬತ್ತು ವರ್ಷ, ಪ್ರತಿ ಸಂಜೆ ಷಟರ್ ಎಳೆಯುವ ಮುಂಚೆ ಅವಳು ಮಾಡುತ್ತಿದ್ದ ಕಟ್ಟಕಡೆಯ ಕೆಲಸ ಅದೇ.

ಗುಡ್ಡದ ಓಟದ ಬೆಳಿಗ್ಗೆ ಬುಡದ ಬಯಲಿನಲ್ಲಿ ಎಪ್ಪತ್ತು ಎಂಬತ್ತು ಸೈಕಲ್ಲುಗಳು ಸೇರಿದ್ದವು. ಕಾಡುದಾರಿಯಲ್ಲಿ ಮೇಲಕ್ಕೆ ಹತ್ತಿ, ಕಲ್ಲುದಾರಿಯಲ್ಲಿ ಇಳಿದು, ಹೊರಟಲ್ಲಿಗೇ ಬರಬೇಕು. ಹೊರಡುವ ಮುಂಚೆ ಎಲ್ಲರ ಸೈಕಲ್ಲನ್ನೂ ತಪಾಸಣೆ ಮಾಡಿ ಹಸಿರು ಚೀಟಿ ಅಂಟಿಸಬೇಕು, ಅದು ನಿಯಮ. ತಪಾಸಣೆಯ ಡೇರೆ ಹಾಕಿದ್ದವನು ಮೈದುನ. ಅಂಗಡಿಯ ಹೆಸರಿನ ಬ್ಯಾನರು, ಉದ್ದನೆಯ ಮೇಜು, ಮೇಜಿನ ಅಂಚಿಗೆ ಕೂರಿಸಿದ, ಸಾಮಾನು ಕಚ್ಚಿ ಹಿಡಿಯುವ ವೈಸು.

ಅತ್ತೆಯೂ ಬಂದಿದ್ದರು. ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, ಒಂದು ಕಡೆ ಮಗ, ಇನ್ನೊಂದು ಕಡೆ ಸೊಸೆ ಕಾಣುವ ಹಾಗೆ ಕುಳಿತಿದ್ದರು.

ಸರದಿ ಬಂದಾಗ ಅವಳು ತನ್ನ ಸೈಕಲ್ಲನ್ನು ಮೇಜಿನ ಮುಂದೆ ನಿಲ್ಲಿಸಿದಳು.

"ಓಹೋ, ಅತ್ತಿಗೆ! ಎಲ್ಲಿ ಕೊಂಡ್ರಿ?"

"ಕೊಂಡಿಲ್ಲ. ಕಟ್ಟಿದ್ದು."

"ಯಾರು?"

"ಅತ್ತಿಗೆ ಬಿಗಿ ಮಾಡಿದ್ದು," ಎಂದಳು.

ಹಿಂದೆ ನಿಂತಿದ್ದ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಮೈದುನನೂ ನಕ್ಕ. "ಹಾಗಾದ್ರೆ ನಾನು ಒಂದಲ್ಲ, ಎರಡು ಸಲ ನೋಡಬೇಕು," ಎಂದ. ಈಗ ಹಿಂದಿನವರೆಲ್ಲ ನಕ್ಕರು. ಅವರಲ್ಲಿ ಡ್ರಿಲ್ ಮೇಷ್ಟ್ರೂ ಇದ್ದರು. ಅವರು ಮಾತ್ರ ನಗಲಿಲ್ಲ, ಹೆಗಲನ್ನು ಸವರಿಕೊಂಡರು. ನಕ್ಕಿದ್ದರೇ ಅವಳಿಗೆ ಎಷ್ಟೋ ವಾಸಿಯಿತ್ತು.

ಮೈದುನ ಉಳಿದವರದ್ದನ್ನೆಲ್ಲ ಬರೀ ಕೈಯಲ್ಲಿ ಅಲ್ಲಾಡಿಸಿ ನೋಡಿ ಚೀಟಿ ಅಂಟಿಸಿದ್ದ. ಅವಳದಕ್ಕೆಂದೇ ಮೇಜಿನ ಕೆಳಗಿನಿಂದ ರೆಂಚಿನ ಡಬ್ಬಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಮುಚ್ಚಳ ಎತ್ತಿದ. ಅದೇ ಹಳೆಯ ರೆಂಚು. ಅವಳು ಸುತ್ತಿದ್ದ ಕೆಂಪು ಟೇಪು ಹಿಡಿಯ ಮೇಲೆ ಇನ್ನೂ ಇತ್ತು.

ಹಿಡಿ ಇಪ್ಪತ್ತನಾಲ್ಕರ ಮೇಲೆ ನಿಂತಿತ್ತು.

ಅವನು ಕಿರಕಿರ ತಿರುಗಿಸಿ ಐದಕ್ಕೆ ತಂದ. ತರುವಷ್ಟು ಹೊತ್ತೂ ಅವಳು ಆ ಹಿಡಿಯನ್ನೇ ನೋಡುತ್ತಿದ್ದಳು. ಒಂದು ವರ್ಷದಿಂದ ತಲೆಯೊಳಗೆ ಸುತ್ತುತ್ತಿದ್ದ ಏನೋ ಒಂದು ಆಗ ತನ್ನ ಜಾಗಕ್ಕೆ ಬಂದು ಕೂತಿತು. ಅತ್ತೆಯ ಕಣ್ಣಿನ ಆಪರೇಷನ್. ಇವನ ತಾಯಿಯ ಕಣ್ಣಿಗೆ ಹೊತ್ತುಹೊತ್ತಿಗೆ ಔಷಧಿ ಬಿಡಲೆಂದು ಅವಳು ಎರಡು ತಿಂಗಳು ಅಂಗಡಿಗೆ ಹೋಗಿರಲಿಲ್ಲ. ಎರಡು ತಿಂಗಳು ರೆಂಚು ಇವನ ಕೈಯಲ್ಲಿತ್ತು. ವಾಪಸು ಬಂದ ಮೊದಲ ವಾರವೇ ಮೇಷ್ಟ್ರ ಸೈಕಲ್ಲು. ಟಿಕ್ ಎಂದಾಗ ಅವಳ ಕೈಗೆ ಬೋಲ್ಟು ಸ್ವಲ್ಪ ಮೆತ್ತಗೆ ಅನ್ನಿಸಿತ್ತು. ಎರಡು ತಿಂಗಳ ಬಿಡುವಿನಿಂದ ಕೈಯೇ ಅಭ್ಯಾಸ ತಪ್ಪಿರಬೇಕು ಎಂದುಕೊಂಡಿದ್ದಳು.

ರೆಂಚು ಅವಳ ಹ್ಯಾಂಡಲ್ ಬೋಲ್ಟಿನ ಮೇಲೆ ಟಿಕ್ ಎಂದಿತು. ತುಂಬ ಬೇಗ ಟಿಕ್ ಎಂದಿತು.

"ಪಾಸ್," ಎಂದು ಮೈದುನ ಚೀಟಿ ಅಂಟಿಸಿದ. "ನನ್ನದೂ ಇದರಲ್ಲೇ ಬಿಗಿ ಮಾಡಿದ್ದು ಅತ್ತಿಗೆ. ಹೊಸ ಸೈಕಲ್ಲು, ನಿನ್ನೆ ತಾನೇ ಜೋಡಿಸಿದೆ. ಈ ವಾರ ಇದೇ ಓಟಕ್ಕೆ ಅಂತ ಇನ್ನೂ ಹನ್ನೊಂದು ಹೊಸ ಸೈಕಲ್ಲು ಜೋಡಿಸಿ ಕೊಟ್ಟಿದ್ದೀನಿ, ಗೊತ್ತಾ?"

ಅವಳು ಸೈಕಲ್ಲನ್ನು ತಳ್ಳಿಕೊಂಡು ಹತ್ತು ಹೆಜ್ಜೆ ನಡೆದು ನಿಂತಳು.

ಸುಮ್ಮನಿದ್ದರೆ ಸಾಕು. ಒಂದು ತಿರುಪು ಕೂಡ ಮುಟ್ಟಬೇಕಾಗಿಲ್ಲ. ಕಲ್ಲುದಾರಿಯ ಮೊದಲ ತಿರುವಿನಲ್ಲಿ ಅವನು ಮೈಭಾರವನ್ನೆಲ್ಲ ಕೈಗೆ ಹಾಕುತ್ತಾನೆ, ಹ್ಯಾಂಡಲ್ ಮುಂದಕ್ಕೆ ಹೊರಳುತ್ತದೆ, ಮೇಷ್ಟ್ರು ಬಿದ್ದ ಹಾಗೆಯೇ ಬೀಳುತ್ತಾನೆ. ಆಗ ಜನ ಕೇಳುತ್ತಾರೆ, ಯಾರಪ್ಪಾ ಬಿಗಿ ಮಾಡಿದ್ದು? ಆ ಪ್ರಶ್ನೆಯನ್ನು ಅವಳು ನಾಲಿಗೆಯ ಮೇಲಿಟ್ಟು ಚಪ್ಪರಿಸಿ ನೋಡಿದಳು. ಬಹಳ ರುಚಿಯಾಗಿತ್ತು. ಬೀಳಲಿ, ಎಂದುಕೊಂಡಳು. ಹಲ್ಲು ಉದುರಲಿ ಎಂದೂ ಸೇರಿಸಿದಳು.

ಹನ್ನೊಂದು ಎಂದು ಅವನು ಹೇಳದಿದ್ದರೆ ಅವಳು ಸುಮ್ಮನೇ ಇರುತ್ತಿದ್ದಳೇನೋ. ಬಯಲಿನಲ್ಲಿ ಹೊಳೆಯುವ ಹೊಸ ಸೈಕಲ್ಲುಗಳನ್ನು ಕಣ್ಣು ತಾನಾಗಿಯೇ ಹುಡುಕತೊಡಗಿತು. ಒಂದರ ಮೇಲೆ ಅವಳ ಹಳೆಯ ಗಿರಾಕಿ, ಹಲ್ಲಿನ ಡಾಕ್ಟರು. ಇನ್ನೊಂದರ ಮೇಲೆ ಮದುವೆಯಾಗಿ ತಿಂಗಳೂ ಆಗದ ಗಂಡಹೆಂಡಿರಲ್ಲಿ ಹೆಂಡತಿ. ಮರದ ಕೆಳಗೆ ಅತ್ತೆ ಕೈಯೆತ್ತಿ ಬೀಸಿದರು, ಮಗನಿಗೋ ಸೊಸೆಗೋ ಗೊತ್ತಾಗಲಿಲ್ಲ.

ಇವನೊಬ್ಬನನ್ನೇ ಬೀಳಿಸುವ ದಾರಿಯಿಲ್ಲವಲ್ಲ ಎಂದು ಅವಳಿಗೆ ರೇಗಿಹೋಯಿತು. ಆ ಸಿಟ್ಟಿನಲ್ಲೇ ಡೇರೆಗೆ ವಾಪಸು ಬಂದಳು.

"ಆ ರೆಂಚು ಕೊಡು."

"ಯಾಕೆ ಅತ್ತಿಗೆ?"

"ಕೊಡೋ ಅಂದ್ರೆ." ಒಂಬತ್ತು ವರ್ಷದಲ್ಲಿ ಅಂಗಡಿಯಲ್ಲಿ ಅವನನ್ನು ಹಾಗೆ ಗದರಿಸಿರಲಿಲ್ಲ. ಅವನ ಕೈ ತಾನಾಗಿ ಚಾಚಿಕೊಂಡಿತು.

ಅವಳು ವೈಸಿಗೆ ಒಂದು ಬೋಲ್ಟು ಕಚ್ಚಿಸಿದಳು. ಬೆನ್ನಚೀಲದಿಂದ ತನ್ನ ಹೊಸ ರೆಂಚು ತೆಗೆದಳು. ಕುಡಿಯುವ ನೀರಿನ ಡ್ರಮ್ಮಿನ ಪಕ್ಕದಿಂದ ಎರಡು ಲೀಟರಿನ ಖಾಲಿ ಕ್ಯಾನು, ಲೀಟರ್ ಗೆರೆಗಳಿರುವ ಅಳತೆಯ ಜಗ್ಗು ತರಿಸಿದಳು.

"ಮೇಷ್ಟ್ರೇ, ಇಲ್ಲಿ ಬನ್ನಿ. ನೀವೇ ನೀರು ಹಾಕಿ."

"ಏನಮ್ಮಾ ಇದು?"

"ಐದರ ಬಿಗಿ ಅಂದ್ರೆ ಬೇರೇನೂ ಅಲ್ಲ. ಕಾಲು ಮೀಟರ್ ದೂರದಲ್ಲಿ ಎರಡು ಲೀಟರ್ ನೀರು ನೇತುಹಾಕಿದಷ್ಟು ಭಾರ. ನೀರು ಯಾರ ಕಡೇನೂ ಮಾತಾಡಲ್ಲ. ಮೊದಲು ನನ್ನ ರೆಂಚು."

ಎರಡು ರೆಂಚುಗಳನ್ನೂ ಐದಕ್ಕೆ ಹೊಂದಿಸಿದಳು. ತನ್ನದನ್ನು ಬೋಲ್ಟಿಗೆ ಸಿಕ್ಕಿಸಿ, ಹಿಡಿಯ ಮೇಲೆ ಕಾಲು ಮೀಟರಿಗೆ ಗುರುತು ಹಾಕಿ ಕ್ಯಾನು ತೂಗುಹಾಕಿದಳು. ಮೇಷ್ಟ್ರು ಸುರಿದರು. ಒಂದು ಲೀಟರ್. ಒಂದೂವರೆ. ಜನ ಹತ್ತಿರ ಬಂದರು. ಎರಡರ ಹತ್ತಿರ ಬಂದಾಗ ಟಿಕ್.

ಕ್ಯಾನು ಖಾಲಿ ಮಾಡಿ ಹಳೆಯ ರೆಂಚಿಗೆ ತೂಗುಹಾಕಿದಳು. ಮೇಷ್ಟ್ರು ಮತ್ತೆ ಸುರಿದರು. ಅರ್ಧ ಲೀಟರ್. ಒಂದು ಲೀಟರ್. ಅದರ ಮೇಲೆ ಒಂದು ಲೋಟದಷ್ಟು ಬಿದ್ದಿತ್ತೋ ಇಲ್ಲವೋ, ಟಿಕ್.

ಮೇಷ್ಟ್ರು ಜಗ್ಗಿನಲ್ಲಿ ಉಳಿದ ನೀರನ್ನೇ ನೋಡುತ್ತ ನಿಂತರು.

"ಇನ್ನೊಂದು ಸಲ," ಎಂದರು. ಇನ್ನೊಂದು ಸಲವೂ ಅಷ್ಟೇ.

"ಬಿಗಿ ಮಾಡಿ ಹಾಗೇ ಡಬ್ಬಿಗೆ ಹಾಕಿದ್ರೆ ಸ್ಪ್ರಿಂಗು ಸಾಯತ್ತೆ," ಎಂದು ಅವಳು ಹಳೆಯ ರೆಂಚನ್ನು ಎತ್ತಿ ಹಿಡಿದಳು. "ಈಗ ಮುಚ್ಚಳ ತೆಗೆದಾಗ ಹಿಡಿ ಇಪ್ಪತ್ತನಾಲ್ಕರಲ್ಲಿತ್ತು. ನಿಮ್ಮ ಸೈಕಲ್ಲು ಬರೋ ಮುಂಚೆ ಎರಡು ತಿಂಗಳು ನಾನು ಅಂಗಡೀಲೇ ಇರಲಿಲ್ಲ. ಯಾರ ಕೈಲಿತ್ತು ಇದು, ಕೇಳಿ ಅವನನ್ನ. ಅವತ್ತು ನನ್ನ ಕೈಗೆ ಬೋಲ್ಟು ಮೆತ್ತಗೆ ಅನ್ನಿಸ್ತು. ಕೈಯನ್ನ ನಂಬದೆ ಟಿಕ್ ನಂಬಿದೆ. ಅದು ನನ್ನ ತಪ್ಪು ಮೇಷ್ಟ್ರೇ, ಒಪ್ಕೋತೀನಿ. ಉಳಿದದ್ದು ನನ್ನದಲ್ಲ."

"ಅತ್ತಿಗೆ, ಮನೆ ಮಾತು ಮನೇಲಿ ಆಡೋಣ," ಎಂದ ಮೈದುನ ಮೆಲ್ಲಗೆ.

"ಅವತ್ತು ಎಲ್ಲಿ ಆಡಿದ್ಯೋ ಅಲ್ಲೇ ಆಡೋಣ. ಏಳೆಂಟು ಜನ ಇದ್ರು ಅವತ್ತು. ಇವತ್ತು ಸ್ವಲ್ಪ ಜಾಸ್ತಿ ಇದಾರೆ."

ಓಟ ಅರ್ಧ ಗಂಟೆ ಮುಂದಕ್ಕೆ ಹೋಯಿತು. ಹನ್ನೊಂದು ಹೊಸ ಸೈಕಲ್ಲುಗಳೂ ಸಾಲಾಗಿ ಬಂದು ಅವಳ ಮುಂದೆ ನಿಂತವು. ಒಂದೊಂದರ ನಾಲ್ಕು ಬೋಲ್ಟನ್ನೂ ಹೊಸ ರೆಂಚಿನಿಂದ, ಒಂದು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿದಳು. ಟಿಕ್, ಟಿಕ್, ಟಿಕ್, ಟಿಕ್. ಡಾಕ್ಟರ ಬೋಲ್ಟುಗಳು ಅರ್ಧ ಸುತ್ತಿನ ಹತ್ತಿರ ತಿರುಗಿದವು. ಡಾಕ್ಟರು ಹಣೆಯೊರೆಸಿಕೊಂಡರು. ಮೈದುನ ತನ್ನ ಸೈಕಲ್ಲು ಹಿಡಿದು ನಡುವೆ ನುಗ್ಗಲು ನೋಡಿದ.

"ಸಾಲು," ಎಂದಳು ತಲೆಯೆತ್ತದೆ. "ಕೊನೇಲಿ."

ಅವನು ಕೊನೆಗೆ ಹೋಗಿ ನಿಂತ. ಅವನ ಸರದಿ ಬರುವಷ್ಟರಲ್ಲಿ ಉಳಿದವರೆಲ್ಲ ಹೊರಡುವ ಗೆರೆಗೆ ಸೇರಿದ್ದರು. ಅವಳು ಹೊಸ ರೆಂಚಿನ ಹಿಡಿಯನ್ನು ಹಿಂದಕ್ಕೆ ತಿರುಗಿಸಿ, ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ ಕೊಕ್ಕೆ ಸಿಕ್ಕಿಸಿದಳು. ಜೇಬಿನಿಂದ ಬೆರಳುದ್ದದ ಆ ಕಪ್ಪು ಆಲನ್ ಕೀ ತೆಗೆದಳು.

"ರೆಂಚು?" ಎಂದ ಮೈದುನ.

"ಕೈ ಸಾಕು."

"ಟಿಕ್ ಅನ್ನಲ್ವಲ್ಲ ಅತ್ತಿಗೆ. ಎಷ್ಟಾಯ್ತು ಅಂತ ಹೇಗೆ ಗೊತ್ತಾಗಬೇಕು?"

"ನನಗೆ ಗೊತ್ತಾಗತ್ತೆ."

ನಾಲ್ಕು ಬೋಲ್ಟನ್ನೂ ಬಿಗಿದಳು. ಕೈ ಹೇಳಿದ್ದನ್ನು ಈ ಸಲ ಪೂರ್ತಿ ಕೇಳಿದಳು. ಐದೆಂದರೆ ಐದು. ಅಂಥ ಕೆಲಸವನ್ನು ಅವಳು ಆ ದಿನ ಬೇರೆ ಯಾರಿಗೂ ಮಾಡಿಕೊಟ್ಟಿರಲಿಲ್ಲ. ಆಮೇಲೆ ನೆಟ್ಟಗೆ ನಿಂತು, ಅವನ ಕಣ್ಣಲ್ಲಿ ಕಣ್ಣಿಟ್ಟು, ಸಣ್ಣಗೆ ನಕ್ಕಳು. ಬಾಯಿ ಮಾತ್ರ ಬಿಡಲಿಲ್ಲ.

ಹತ್ತುವಾಗ ಮೈದುನನೇ ಮುಂದೆ. ಅವನ ಕಾಲಿಗೆ ಅವಳ ಕಾಲು ಸಾಟಿಯಲ್ಲ. ಕಾರ್ಖಾನೆಯಲ್ಲಿ ವಾರವಿಡೀ ನಿಂತ ಮೊಣಕಾಲು ಮೂರನೆಯ ತಿರುವಿನಲ್ಲೇ ಅತ್ತಿತು. ಎದೆ ತಿದಿಯ ಹಾಗೆ ಒತ್ತಿಕೊಳ್ಳುತ್ತಿತ್ತು. ತಾನು ಕಟ್ಟಿದ ಸೈಕಲ್ಲು ಮಾತ್ರ ಒಂದು ಕಿರ್ ಕೂಡ ಎನ್ನದೆ ಹತ್ತಿತು. ನೆತ್ತಿ ತಲುಪುವಾಗ ಅವಳ ಮುಂದೆ ಹದಿನೈದಿಪ್ಪತ್ತು ಜನ.

ಇಳಿಜಾರು ಶುರುವಾಯಿತು. ಎರಡನೆಯ ತಿರುವು ದಾಟುತ್ತಲೇ ಬ್ರೇಕ್ ಕಿರುಚುವ ಸದ್ದು ಕೇಳಿಸಿತು, ಬಿಟ್ಟೂಬಿಡದೆ. ಮೈದುನ ದಾರಿಯ ಅಂಚಿನಲ್ಲಿ, ಎರಡೂ ಬ್ರೇಕ್ ಹಿಡಿದು, ಸೀಟಿನ ಹಿಂದಕ್ಕೆ ಮೈ ಜೋತುಹಾಕಿಕೊಂಡು, ಕೈಯಲ್ಲಿರುವುದು ಹ್ಯಾಂಡಲ್ಲಲ್ಲ, ಮೊಟ್ಟೆ ಎಂಬಂತೆ ಇಳಿಯುತ್ತಿದ್ದ. ಕಣ್ಣು ದಾರಿಯ ಮೇಲಿರಲಿಲ್ಲ, ನಾಲ್ಕು ಬೋಲ್ಟಿನ ಮೇಲಿತ್ತು. ಕಾದ ಬ್ರೇಕಿನ ಕಮಟು ವಾಸನೆ ಗಾಳಿಯಲ್ಲಿತ್ತು.

ಅವಳು ಪಕ್ಕಕ್ಕೆ ಬಂದಳು. "ಹ್ಯಾಂಡಲ್ ಸರಿಯಿದೆಯಾ?" ಎಂದು ಬಹಳ ಅಕ್ಕರೆಯಿಂದ ಕೇಳಿದಳು.

ಅವನ ಬೆರಳು ಬ್ರೇಕಿನ ಮೇಲೆ ಇನ್ನಷ್ಟು ಬಿಗಿಯಿತು. ಅವಳು ಬ್ರೇಕ್ ಬಿಟ್ಟಳು.

ಬಯಲು ತಲುಪಿದಾಗ ಅವಳದು ನಾಲ್ಕನೆಯ ಸ್ಥಾನ. ಗೆದ್ದವರು ಹಲ್ಲಿನ ಡಾಕ್ಟರು. ಮೈದುನ ಎಲ್ಲರಿಗಿಂತ ಕೊನೆಗೆ, ಸೈಕಲ್ಲನ್ನು ತಳ್ಳಿಕೊಂಡು ನಡೆದು ಬಂದ. ಅತ್ತೆ ಕುರ್ಚಿಯಿಂದೆದ್ದು ಓಡಿದರು.

"ಏನಾಯ್ತೋ? ಬಿದ್ಯಾ?"

"ಬೀಳಲಿಲ್ಲ."

"ಮತ್ತೆ ನಡ್ಕೊಂಡು ಯಾಕೆ ಬಂದೆ?"

ಅವನ ತುಟಿ ಒಣಗಿತ್ತು. "ಅತ್ತಿಗೆ ಬಿಗಿ ಮಾಡಿದ್ದು," ಎಂದ.

ಡ್ರಿಲ್ ಮೇಷ್ಟ್ರು ಅವಳ ಮುಂದೆ ಅಂಗೈ ಚಾಚಿದರು. ಅವಳು ಹೊಸ ರೆಂಚು ಐದಕ್ಕೆ ಹೊಂದಿಸಿ ಕೊಟ್ಟಳು. ಅವರು ಮೈದುನನ ಹ್ಯಾಂಡಲ್ಲಿನ ಮುಂದೆ ಬಗ್ಗಿ ನಾಲ್ಕು ಬೋಲ್ಟನ್ನೂ ಒಂದೊಂದಾಗಿ ನೋಡಿದರು. ನಾಲ್ಕು ಸಲ ಟಿಕ್ ಎಂದಿತು. ಒಂದು ಬೋಲ್ಟೂ ಕೂದಲೆಳೆಯಷ್ಟು ಕದಲಲಿಲ್ಲ.

"ನಿನ್ನ ಹ್ಯಾಂಡಲ್ಲಿಗೆ ಏನೂ ಆಗಿಲ್ಲವಲ್ಲಯ್ಯ," ಎಂದರು ಮೇಷ್ಟ್ರು, ಎಲ್ಲರಿಗೂ ಕೇಳಿಸುವಂತೆ, ಡ್ರಿಲ್ಲಿನ ದನಿಯಲ್ಲಿ. ಆಮೇಲೆ ಅವಳ ಕಡೆ ತಿರುಗಿದರು. "ನಾಳೆ ನನ್ನ ಸೈಕಲ್ಲು ನಿಮ್ಮ ಮನೆಗೆ ತರ್ತೀನಿ. ಬಿಡುವಿದೆಯಾ?"

"ಕೊಂಡಿ ಖಾಲಿಯಿದೆ, ತನ್ನಿ," ಎಂದಳು.

ಮೈದುನ ಬಂದು ಪಕ್ಕದಲ್ಲಿ ನಿಂತ. ಅಂಗಡಿ, ಸೋಮವಾರ, ಮೊದಲಿನ ಹಾಗೆ ಎಂದೇನೋ ಅನ್ನತೊಡಗಿದ. ಅವಳು ಕಪ್ಪು ಆಲನ್ ಕೀಯನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದಳು. "ನಿನ್ನ ಅಂಗಡೀದು. ಒಂದು ವರ್ಷ ನನ್ನ ಹತ್ರ ಉಳಿದುಬಿಟ್ಟಿತ್ತು. ಈಗ ನನ್ನ ಕೀಗಳೇ ಇವೆ."

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಪಕ್ಕದಲ್ಲೇ ನಡೆದರು. ಅವಳು ಸೈಕಲ್ಲನ್ನು ಅವರ ನಡಿಗೆಗೆ ಸರಿಯಾಗಿ ತಳ್ಳಿಕೊಂಡು ಬರುತ್ತಿದ್ದಳು.

"ಅಷ್ಟು ಚೆನ್ನಾಗಿ ಬಿಗಿ ಮಾಡಿದ್ದೆ. ಸರಿಯಾಗಿದೆ ಅಂತ ಅವನಿಗೆ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅವನು ಕೇಳಲಿಲ್ಲ ಅತ್ತೆ."

ಅತ್ತೆ ನಿಂತು ಅವಳ ಮುಖವನ್ನು ದಿಟ್ಟಿಸಿದರು. ಅವಳೇ ಎರಡು ತಿಂಗಳು ಔಷಧಿ ಬಿಟ್ಟು ಉಳಿಸಿದ ಕಣ್ಣು. ಎಲ್ಲವೂ ಕಾಣುತ್ತಿತ್ತು ಅವಕ್ಕೆ.

"ನೀನು ಒಳ್ಳೆಯವಳೇನಲ್ಲ ಬಿಡು," ಎಂದು ಸೊಸೆಯ ಬೆನ್ನಚೀಲದ ಭಾರವನ್ನು ಒಂದು ಕೈಯಿಂದ ಎತ್ತಿ ಹಿಡಿದು ನಡೆದರು.